'ವಾರ್ಸಿಟಿ' ತಂಡಕ್ಕೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಗೆಳೆಯರೇ,

ನಾನಿರುವುದು ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲಿ. ಊರಿಂದ ಹೊಸದಾಗಿ ಬಂದ ತಂದೆತಾಯಿಯರಿಗಾಗಿ ಇಲ್ಲಿನ ಸರ್ಕಾರಿ ಹೈಸ್ಕೂಲಿನ ಓದು, ಆಟದ ನಿಯಮಗಳನ್ನು ಒಂದು ಪುಟಕ್ಕೆ ಇಳಿಸುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಎರಡು ಕಡೆ ತಡೆದಿದೆ.

ಒಂದು, 'ವಾರ್ಸಿಟಿ' ಮತ್ತು 'ಜೂನಿಯರ್ ವಾರ್ಸಿಟಿ'. ಶಾಲೆಯ ಮೊದಲ ತಂಡ, ಅದರ ಕೆಳಗಿನದು. 'ಹಿರಿಯರ ತಂಡ, ಕಿರಿಯರ ತಂಡ' ಅಂದರೆ ನಡೆಯುತ್ತಾ?

ಎರಡು, 'ನೋ ಪಾಸ್, ನೋ ಪ್ಲೇ'. ಟೆಕ್ಸಸ್‌ನಲ್ಲಿ 1984ರಲ್ಲಿ ಬಂದ ಕಾನೂನು. ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ 3 ವಾರ ಪಂದ್ಯಕ್ಕೆ ಇಳಿಯುವಂತಿಲ್ಲ. ಅಭ್ಯಾಸ ಮಾಡಬಹುದು. 'ಪಾಸಾಗದಿದ್ದರೆ ಆಟವಿಲ್ಲ' ಸರಿಯಾ?

*

ಉತ್ತರ 1

'ಹಿರಿಯರ ತಂಡ' ಬೇಡವೇ ಬೇಡ. ಒಂಬತ್ತನೇ ಕ್ಲಾಸಿನ ಹುಡುಗಿ ಚೆನ್ನಾಗಿ ಆಡಿದರೆ ವಾರ್ಸಿಟಿಗೇ ಸೇರುತ್ತಾಳೆ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಪದವನ್ನು ಹಾಗೇ ಇಡಲೂಬಾರದು. 'ಯೂನಿವರ್ಸಿಟಿ'ಯ ತಲೆ ಕತ್ತರಿಸಿದ್ದೇ 'ವಾರ್ಸಿಟಿ'. 'ಪರ್ಸನ್' ಹಿಂದೆ 'ಪಾರ್ಸನ್' ಆದ ಹಾಗೆ ಇಲ್ಲೂ 'ವರ್' ಹೋಗಿ 'ವಾರ್' ಆಯಿತು. ನಮ್ಮ ಇಂಗ್ಲಿಷ್ ಪತ್ರಿಕೆಗಳ ತಲೆಬರಹದಲ್ಲಿ ಇವತ್ತಿಗೂ ಅದರ ಅರ್ಥ ವಿಶ್ವವಿದ್ಯಾಲಯ. ಸಾಲದ್ದಕ್ಕೆ, ಟೆಕ್ಸಸ್‌ನ ಶಾಲಾ ಪಂದ್ಯಗಳನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರೇ 'ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್'. ಓದುವವರು ದಾರಿ ತಪ್ಪುವುದು ಖಂಡಿತ.

'ಮೇಲ್ತಂಡ', 'ಕೆಳತಂಡ' ಅನ್ನಿ. ಕನ್ನಡದ್ದೇ ಬೇರಿನಿಂದ ಪದ ಕಟ್ಟಬಹುದು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತೋರಿಸಿಕೊಟ್ಟ ಮೇಲೂ ಎರವಲು ಯಾಕೆ? 'ಪಾಸ್' ಕೂಡ ಬೇಡ. 'ತೇರ್ಗಡೆ' ಇದೆಯಲ್ಲ.

*

ಉತ್ತರ 2

'ಮೇಲ್ತಂಡ' ಅಂತ ಯಾವ ಆಟದ ಮೈದಾನದಲ್ಲೂ ಯಾರೂ ಅನ್ನುವುದಿಲ್ಲ. ಪದ ಕಟ್ಟುವ ಹುರುಪಿನಲ್ಲಿ ಓದುವವರನ್ನು ಮರೆಯಬೇಡಿ. 'ಶಾಲೆಯ ಮುಖ್ಯ ತಂಡ', 'ಎರಡನೇ ತಂಡ' ಸಾಕು. ಒಂದು ಸಲ ಪಕ್ಕದಲ್ಲಿ 'ವಾರ್ಸಿಟಿ' ಅಂತಲೂ ಬರೆಯಿರಿ, ಮಕ್ಕಳ ಬಾಯಲ್ಲಿ ಕೇಳುವುದು ಅದನ್ನೇ ಅಲ್ವಾ? 'ಬಿ ಟೀಮ್' ಮಾತ್ರ ಬೇಡ. ನಮ್ಮ ರಾಜಕೀಯದಲ್ಲಿ ಅದು ಬೈಗುಳವಾಗಿದೆ.

ನಿಜವಾದ ತೊಡಕು 'ಪಾಸ್' ಅನ್ನುವುದರಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸಾದ ಅಪ್ಪ, ಮಗನ 62 ನೋಡಿ ನೆಮ್ಮದಿಯಾಗಿರುತ್ತಾನೆ. ಇತ್ತ ಹುಡುಗ ಬೆಂಚಿನಲ್ಲಿ ಕೂತಿರುತ್ತಾನೆ. 'ತೇರ್ಗಡೆ' ಅಂದರೂ ಇದು ಬಗೆಹರಿಯುವುದಿಲ್ಲ. ಅಂಕಿಯನ್ನೇ ಹಾಕಿ: '70 ಬರದಿದ್ದರೆ ಪಂದ್ಯವಿಲ್ಲ'. ಬ್ಯಾಂಡ್, ನಾಟಕದ ಸ್ಪರ್ಧೆಗಳಿಗೂ ಇದೇ ಕಾನೂನು. ಹಾಗಾಗಿ 'ಪಂದ್ಯ, ಸ್ಪರ್ಧೆ' ಎರಡೂ ಇರಲಿ. ಎಪಿ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಓದು) ಅಂಥ ಕಷ್ಟದ ಕೋರ್ಸುಗಳಿಗೆ ವಿನಾಯಿತಿ ಉಂಟು, ಅದಕ್ಕೂ ಒಂದು ಸಾಲು ಬೇಕು.

'ಹೈಸ್ಕೂಲ್' ಹಾಗೇ ಇರಲಿ. 'ಪ್ರೌಢಶಾಲೆ' ಅಂದರೆ ನಮ್ಮವರಿಗೆ 8ರಿಂದ 10. ಅಲ್ಲಿ 9ರಿಂದ 12, ಅಂದರೆ ಪಿಯುಸಿಯೂ ಅದರೊಳಗೇ ಬಂತು. ಎರವಲು ಪದವೇ ಇಲ್ಲಿ ಕಡಿಮೆ ಗೊಂದಲ ಮಾಡುತ್ತದೆ.

*

ಉತ್ತರ 1, ಮತ್ತೆ

70ರ ಮಾತು ಒಪ್ಪಿದೆ. 'ಮುಖ್ಯ' ಸಂಸ್ಕೃತ. 'ಮೊದಲ ತಂಡ' ಅನ್ನಿ. ಕೇಳಿದವರೇ ಆ ಪದ ಬಳಸಿದ್ದಾರೆ, ಪ್ರಶ್ನೆಯನ್ನು ಇನ್ನೊಮ್ಮೆ ಓದಿ.