ಎಂಎಕ್ಸ್-5: ಎಡಗಡೆ ಹಿಂದಿನ ಚಕ್ರ ಮಾತ್ರ ಬಿಸಿಯಾಗುತ್ತಿದೆ, ಬ್ರೇಕ್ ಪ್ಯಾಡ್ ಬೇಗ ಮುಗಿಯುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇರೋದು ಬರ್ಮಿಂಗ್‌ಹ್ಯಾಮ್ ಹತ್ತಿರ. ಕಾರು 2003ರ ಮಾಜ್ದಾ ಎಂಎಕ್ಸ್-5, ಎನ್‌ಬಿ ಮಾಡೆಲ್. ಏಪ್ರಿಲ್‌ನಲ್ಲಿ ಹಿಂದಿನ ಪ್ಯಾಡ್ ಹೊಸದು ಹಾಕಿಸಿದೆ. ಮೂರು ಸಾವಿರ ಮೈಲಿಗೇ ಎಡಗಡೆಯದು ಮುಗಿದುಹೋಯಿತು. ಎರಡು ಸಲ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಕಾರು ಓಡಿಸೋ ದಿನ) ಹೋಗಿದ್ದೆ ನಿಜ. ಗ್ಯಾರೇಜಿನವರು "ಹಾಗೆ ಓಡಿಸಿದರೆ ಇನ್ನೇನಾಗುತ್ತೆ" ಅಂತ ಮತ್ತೊಂದು ಸೆಟ್ ಹಾಕಿ ಕಳಿಸಿದರು. ಈಗ ತರಕಾರಿ ತರೋಕೆ ಹೋಗಿ ಬಂದರೂ ಸುಟ್ಟ ವಾಸನೆ. ದೊಡ್ಡ ಡಿಸ್ಕ್, ರೇಸಿಂಗ್ ಪ್ಯಾಡ್ ಹಾಕಿಸಲಾ?

ಉತ್ತರ

ಸರ್, ದುಡ್ಡು ಜೇಬಲ್ಲೇ ಇರಲಿ. ಟ್ರ್ಯಾಕ್‌ನಿಂದ ಆಗಿದ್ದರೆ ಮೊದಲು ಮುಂದಿನ ಎರಡೂ ಪ್ಯಾಡ್ ಹೋಗಬೇಕಿತ್ತು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತೆ, ಅಲ್ವಾ? ಹಿಂದೆ ಒಂದೇ ಕಡೆ ಕಾಯುತ್ತಿದೆ ಅಂದರೆ ಅಲ್ಲಿ ಏನೋ ಬಿಡದೆ ಹಿಡಿದುಕೊಂಡಿದೆ.

ಬ್ರೇಕ್ ಜಾಸ್ತಿ ಬಳಸದೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಡಿಸ್ಕ್ ಮುಟ್ಟಬೇಡಿ. ಬೆರಳಿನಿಂದ ಎರಡು ಹನಿ ನೀರು ಚಿಮುಕಿಸಿ. ದೋಸೆ ಕಾವಲಿ ಥರ ಚುಂಯ್ ಅಂದರೆ ಉತ್ತರ ಸಿಕ್ಕಿತು. ಚೊಂಬುಗಟ್ಟಲೆ ಸುರಿಯಬೇಡಿ ಮತ್ತೆ, ಡಿಸ್ಕ್ ಬಿರುಕು ಬಿಟ್ಟೀತು. ಹಳೇ ಪ್ಯಾಡ್ ಇದೆಯಾ? ಡಿಸ್ಕ್‌ನ ಒಳಗಡೆ ಇರೋ ಪ್ಯಾಡ್ ಎಷ್ಟು, ಹೊರಗಡೆಯದು ಎಷ್ಟು ಉಳಿದಿದೆ?

ಪ್ರಶ್ನೆ ಕೇಳಿದವರು

ಚುಂಯ್ ಅಂತು! ಬಲಗಡೆ ಸದ್ದೇ ಇಲ್ಲ. ಹಳೇ ಪ್ಯಾಡ್ ಅಳೆದೆ. ಒಳಗಿನದು 1 ಮಿ.ಮೀ., ಹೊರಗಿನದು 6.

ಉತ್ತರ

ಹಾಗಾದರೆ ಹೆಚ್ಚುಕಮ್ಮಿ ಸ್ಲೈಡ್ ಪಿನ್ನೇ. ಈ ಕ್ಯಾಲಿಪರ್‌ನಲ್ಲಿ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿಸ್ಟನ್ ಒಳಗಡೆ ಮಾತ್ರ ಇದೆ. ಅದು ಒಳಗಿನ ಪ್ಯಾಡ್ ಒತ್ತಿದಾಗ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಗಿನದನ್ನು ಎಳೆದುಕೊಳ್ಳಬೇಕು. ಪಿನ್ ಕಚ್ಚಿಕೊಂಡರೆ ಕೆಲಸವೆಲ್ಲ ಒಳಗಿನ ಪ್ಯಾಡ್ ತಲೆಗೆ. ಚಳಿಗಾಲದಲ್ಲಿ ನಿಮ್ಮಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಇಪ್ಪತ್ತು ವರ್ಷದ ಕಾರಿಗೆ ಅಷ್ಟು ಸಾಕು.

ಆದರೂ ಸುಮ್ನೆ ಪಿನ್ ಮೇಲೇ ತಪ್ಪು ಹಾಕಬೇಡಿ. ಕಾರು ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೀಡ್ ನಿಪ್ಪಲ್ (ಕ್ಯಾಲಿಪರ್‌ನಿಂದ ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಹಗುರಾದರೆ ರಬ್ಬರ್ ಹೋಸ್ ಒಳಗೇ ಊದಿ ಒತ್ತಡ ವಾಪಸ್ ಬಿಡುತ್ತಿಲ್ಲ ಅಂತ. ಹಾಗೇ ಬಿಗಿ ಇದ್ದರೆ ಪಿನ್, ಪಿಸ್ಟನ್, ಇಲ್ಲ ಹ್ಯಾಂಡ್ ಬ್ರೇಕ್.

ಪಿನ್ ಜೊತೆಗೆ ಹ್ಯಾಂಡ್ ಬ್ರೇಕ್ ಬಗ್ಗೆಯೂ ನನಗೆ ಅನುಮಾನ ಇದೆ. ಎನ್‌ಬಿ ಹಿಂದಿನ ಕ್ಯಾಲಿಪರ್‌ನ ಹಿಂಬದಿ 14 ಮಿ.ಮೀ. ಬೋಲ್ಟ್ ಒಂದಿದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಹೋಗುವ ಅಡ್ಜಸ್ಟರ್. ಗೊತ್ತಿಲ್ಲದವರು ಅದನ್ನು ತಿರುಗಿಸದೆ ಪಿಸ್ಟನ್‌ನ ಕ್ಲಾಂಪ್ ಹಾಕಿ ಒತ್ತುತ್ತಾರೆ. ಪ್ಯಾಡ್ ಹಾಕಿದ ಮೇಲೆ ಅಡ್ಜಸ್ಟರ್ ಬಿಗಿ ಮಾಡಿ, ಚಕ್ರ ನಿಂತ ಮೇಲೆ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಎರಡೂ ಕಡೆ.

ಪ್ರಶ್ನೆ ಕೇಳಿದವರು

ಶನಿವಾರ ಪೂರ್ತಿ ಇದೇ ಕೆಲಸ. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿ. ಕೆಳಗಿನ ಪಿನ್ ಎಷ್ಟು ಬಡಿದರೂ ಜಗ್ಗಲಿಲ್ಲ. ಕೊನೆಗೆ ಬಿಸಿ ಮಾಡಿ ತಿರುಚಿ ತೆಗೆದೆ. ತುಕ್ಕು, ಅದರ ಮೇಲೆ ಯಾವುದೋ ಕಪ್ಪು ಗ್ರೀಸ್. ಪಿನ್ ಮೇಲಿನ ರಬ್ಬರ್ ಬೂಟ್ (ಮುಸುಕು) ಉಬ್ಬಿ ಇಡ್ಲಿಯಾಗಿತ್ತು. ಅಡ್ಜಸ್ಟರ್ ಕೂಡ ಒಂದಿಷ್ಟೂ ಹಿಂದಕ್ಕೆ ಬಿಟ್ಟಿರಲಿಲ್ಲ.

ಉತ್ತರ

ಪೆಟ್ರೋಲಿಯಂ ಗ್ರೀಸ್ ಈ ರಬ್ಬರನ್ನು ಊದಿಸುತ್ತೆ. ಹೊಸ ಪಿನ್, ಹೊಸ ಬೂಟ್, ಬ್ರೇಕ್‌ಗೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಇಷ್ಟು ಕಾದಿದೆ, ಬ್ರೇಕ್ ಆಯಿಲ್ ಕೂಡ ಬದಲಾಯಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ; ನೀರು ಹೀರಿಕೊಂಡ ಮೇಲೆ 155ಕ್ಕೇ ಕುದಿಯಬಹುದು. ಟ್ರ್ಯಾಕ್‌ನಲ್ಲಿ ಪೆಡಲ್ ಸೀದಾ ಕೆಳಗೆ ಹೋಗೋದು ಆಗಲೇ.

ಪ್ರಶ್ನೆ ಕೇಳಿದವರು

ಎಲ್ಲ ಆಯಿತು. ಮೂವತ್ತು ಮೈಲಿ ಓಡಿಸಿ ನೀರು ಚಿಮುಕಿಸಿದೆ. ಎರಡೂ ಕಡೆ ಸದ್ದಿಲ್ಲ. ದೊಡ್ಡ ಡಿಸ್ಕ್ ಆರ್ಡರ್ ಕ್ಯಾನ್ಸಲ್ ಮಾಡಿದೆ, ಮನೆಯಾಕೆಗೂ ಖುಷಿ.