ಸಾಸಿವೆ ಅನಿಲದ ಹುಣ್ಣು ಮಾಗಿದ ಮೇಲೂ ಉಳಿಯುವ ತುರಿಕೆ: ಚರ್ಮವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶುಶ್ರೂಷಾ ವಿದ್ಯಾರ್ಥಿನಿ): 1980ರಿಂದ 1988ರವರೆಗೆ ನಡೆದ ಯುದ್ಧದಲ್ಲಿ ಇರಾಕ್ ಪ್ರಯೋಗಿಸಿದ ಸಾಸಿವೆ ಅನಿಲವೆಂಬ ರಾಸಾಯನಿಕ ಅಸ್ತ್ರಕ್ಕೆ ಸಿಕ್ಕಿದ ಇರಾನಿನ ಸೈನಿಕರನ್ನು ಇಂದಿಗೂ ತುರಿಕೆ ಕಾಡುತ್ತಿದೆಯೆಂದು ಓದಿದೆ. ಹುಣ್ಣು ಮಾಗಿದ ಮೇಲೂ ತುರಿಕೆ ಏಕೆ ಉಳಿಯುತ್ತದೆ? ಹಚ್ಚುವ ಔಷಧಗಳಲ್ಲಿ ಯಾವುದು ಒಳ್ಳೆಯದು?

ಉತ್ತರ (ಚರ್ಮವೈದ್ಯ): ಹೆಸರು ಅನಿಲವೆಂದಿದ್ದರೂ ಅದು ಎಣ್ಣೆಯಂಥ ದ್ರವ, ನಮ್ಮ ಅಡುಗೆಮನೆಯ ಸಾಸಿವೆಗೂ ಅದಕ್ಕೂ ಸಂಬಂಧವಿಲ್ಲ. ತಗುಲಿದ ಕೆಲವು ನಿಮಿಷಗಳಲ್ಲೇ ಅದು ಜೀವಕೋಶದ ಡಿಎನ್ಎ ಮತ್ತು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಆದರೆ ಗುಳ್ಳೆ ಏಳುವುದು ಹಲವು ಗಂಟೆಗಳ ನಂತರ. ಬೆವರು ನಿಲ್ಲುವ ಕಂಕುಳು, ತೊಡೆಸಂದುಗಳಲ್ಲಿ ಪೆಟ್ಟು ಹೆಚ್ಚು. ಗಾಯ ಮಾಗಿದರೂ ಎಣ್ಣೆಗ್ರಂಥಿ, ಬೆವರುಗ್ರಂಥಿಗಳು ನಶಿಸಿದ ಕಡೆ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಒಣಗಿ ತೆಳುವಾಗುತ್ತದೆ ಮತ್ತು ಸಣ್ಣ ಪ್ರಚೋದನೆಗೂ ಅಲ್ಲಿಯ ನರತುದಿಗಳು ಕೆರಳುತ್ತವೆ. ಪಾರಸಿ ಭಾಷೆಯಲ್ಲಿ ಜಾನ್‌ಬಾಜ್, ಅಂದರೆ ಪ್ರಾಣವನ್ನೇ ಪಣಕ್ಕಿಟ್ಟವರು, ಎಂದು ಕರೆಯಲಾಗುವ ಈ ಸೈನಿಕರ ಚರ್ಮದ ದೂರುಗಳಲ್ಲಿ ತುರಿಕೆಗೇ ಮೊದಲ ಸ್ಥಾನ. ರಾತ್ರಿಯ ನಿದ್ದೆ ಕೆಡಿಸುವ ಈ ಬಾಧೆಯನ್ನು ಯಾರೂ ಸಣ್ಣದೆಂದು ತಳ್ಳಿಹಾಕಬಾರದು.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಮೊದಲ ಔಷಧವೆಂದರೆ, ಉಗುರುಬೆಚ್ಚಗಿನ ನೀರಿನಲ್ಲಿ ಅಲ್ಪಕಾಲ ಸ್ನಾನ ಮಾಡಿ, ಮೈ ಇನ್ನೂ ಹಸಿಯಿರುವಾಗಲೇ ಸುಗಂಧವಿಲ್ಲದ ತೇವಕಾರಕವನ್ನು ಧಾರಾಳವಾಗಿ ಹಚ್ಚುವುದು. ಇದನ್ನು ಬಿಟ್ಟು ಮುಂದಿನ ಮುಲಾಮುಗಳನ್ನು ಎಷ್ಟು ಬಳಿದರೂ ಪ್ರಯೋಜನ ಕಡಿಮೆ. ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಉರಿಯೂತ ಕೆರಳಿದಾಗ ಬೇಗ ಶಮನ ಕೊಡುತ್ತದೆ. ಆದರೆ ಮೊದಲೇ ತೆಳುವಾದ ಚರ್ಮವನ್ನು ದೀರ್ಘ ಬಳಕೆಯಲ್ಲಿ ಅದು ಇನ್ನಷ್ಟು ತೆಳುವಾಗಿಸುವುದರಿಂದ, ವರ್ಷಗಟ್ಟಲೆ ಹಚ್ಚುವವರ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಸ್ಟೀರಾಯ್ಡ್ ಅಲ್ಲದೆ ಉರಿಯೂತ ತಗ್ಗಿಸುವ ಪಿಮೆಕ್ರೊಲಿಮಸ್ ಎಂಬ ಕ್ರೀಮಿಗೆ ಈ ದೋಷವಿಲ್ಲ. ಡಾಕ್ಸೆಪಿನ್ ಕ್ರೀಮ್ ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ, ಆದರೆ ವಿಸ್ತಾರವಾಗಿ ಹಚ್ಚಿದರೆ ರಕ್ತಕ್ಕೆ ಸೇರಿ ತೂಕಡಿಕೆ ತರಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಚ್ಚಿದರೆ ಉರಿ ಹೆಚ್ಚುವುದಿಲ್ಲವೇ? ಲೋಳೆಸರದಿಂದ ಉಪಯೋಗವುಂಟೇ?

ಉತ್ತರ: ಮೊದಲ ಕೆಲವು ದಿನ ಉರಿ ಖಂಡಿತ ಇರುತ್ತದೆ. ಪದೇ ಪದೇ ಹಚ್ಚಿದಾಗ, ತುರಿಕೆ ಮತ್ತು ನೋವಿನ ಸಂದೇಶ ಒಯ್ಯುವ ನರತುದಿಗಳಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಬರಿದಾಗುವುದರಿಂದ ತುರಿಕೆ ಇಳಿಯುತ್ತದೆ. ಬಿರುಕುಬಿಟ್ಟ ಚರ್ಮಕ್ಕೆ, ತೊಡೆಸಂದಿಗೆ ಅದನ್ನು ಸೋಕಿಸಲೇಬಾರದು. ಅಂಥವರಿಗೆ ತಂಪಿನ ಅನುಭವ ಕೊಡುವ ಮೆಂಥಾಲ್ ಹೆಚ್ಚು ಸಹ್ಯ, ಅದೂ ಬಿರುಕಿಲ್ಲದ ಜಾಗದಲ್ಲಿ. ಇನ್ನು ಲೋಳೆಸರ: ಇರಾನಿನ ಈ ಸೈನಿಕರಲ್ಲೇ ಲೋಳೆಸರ ಮತ್ತು ಆಲಿವ್ ಎಣ್ಣೆ ಸೇರಿದ ಕ್ರೀಮನ್ನು 0.1 ಶೇಕಡಾ ಬೀಟಾಮೆಥಾಸೋನ್ ಜೊತೆ ಆರು ವಾರ ಹೋಲಿಸಿದಾಗ, ತುರಿಕೆ ಇಳಿಸುವುದರಲ್ಲಿ ಎರಡೂ ಹತ್ತಿರಹತ್ತಿರ ನಿಂತವು. ಆದರೆ ಅದು ಹದಗೊಳಿಸಿ ತಯಾರಿಸಿದ ಕ್ರೀಮ್. ಹಿತ್ತಲಿನ ಎಲೆಯನ್ನು ಸೀಳಿ ನೇರವಾಗಿ ಹಚ್ಚಿದರೆ, ಸಿಪ್ಪೆಯ ಹಳದಿ ರಸವೇ ಚರ್ಮವನ್ನು ಕೆರಳಿಸಬಹುದು.

ಹಳೆಯ ಕಲೆಯ ಮೇಲೆ ಮಾಗದ ಹುಣ್ಣೋ ಗಂಟೋ ಕಂಡರೆ ಯಾವ ಮುಲಾಮನ್ನೂ ಹಚ್ಚುತ್ತ ಕಾಯದೆ, ಚರ್ಮದ ಕ್ಯಾನ್ಸರ್ ಅಲ್ಲವೆಂದು ಪರೀಕ್ಷಿಸಿಕೊಳ್ಳಬೇಕು.