ಸೆಪ್ಟೆಂಬರ್ 21ಕ್ಕೆ ಮಕ್ಕಳಿಂದ ಏನು ಮಾಡಿಸಲಿ?

ಮಲೆನಾಡ ಟೀಚರ್:
ವಿಶ್ವ ಶಾಂತಿ ದಿನಕ್ಕೆ ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ ಏನಾದರೂ ಮಾಡಿಸಿ ಅಂತ ಹೆಡ್‌ಮಾಸ್ಟರ್ ನನಗೆ ವಹಿಸಿದ್ದಾರೆ. ಥರ್ಮಾಕೋಲ್ ಪಾರಿವಾಳ, ಭಾಷಣ ಎರಡೂ ಬೇಡ. ಸುಮ್ನೆ ಕಾಟಾಚಾರ ಆಗುತ್ತದೆ. ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ಯಾರ ಪ್ರಾರ್ಥನೆ ಹೇಳಿಸಲಿ?

ನಿವೃತ್ತ ಮೇಷ್ಟ್ರು:
ಗಂಟೆಯ ಕಥೆ ಹೇಳಿ ಮೇಡಂ. ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಜಪಾನಿನವರು 1954ರಲ್ಲಿ ಕೊಟ್ಟ ಶಾಂತಿ ಗಂಟೆ ಇದೆ. ಬೇರೆ ಬೇರೆ ದೇಶಗಳ ಜನ ಕೊಟ್ಟ ನಾಣ್ಯಗಳನ್ನು ಕರಗಿಸಿ ಎರಕ ಹೊಯ್ದದ್ದು. ಮಕ್ಕಳೂ ಕೊಟ್ಟಿದ್ದರು. ಶಾಂತಿ ದಿನಕ್ಕೆ ಅದನ್ನು ಬಾರಿಸುತ್ತಾರೆ. ಈ ದಿನವನ್ನು ಘೋಷಿಸಿದ್ದು 1981ರಲ್ಲಿ. ಮೊದಲು ಸೆಪ್ಟೆಂಬರಿನ ಮೂರನೇ ಮಂಗಳವಾರ ಇತ್ತು, 21 ಅಂತ ನಿಗದಿಯಾದದ್ದು ಆಮೇಲೆ.

ಕರಾವಳಿ ಓದುಗ:
ಪ್ರಾರ್ಥನೆಗೆ ಅಸಿಸಿಯ ದಾರಿ ನೋಡಿ. 1986ರ ಅಕ್ಟೋಬರ್ 27ರಂದು ಪೋಪ್ ಎರಡನೇ ಜಾನ್ ಪಾಲ್ ಇಟಲಿಯ ಆ ಊರಿಗೆ ಎಲ್ಲ ಧರ್ಮದವರನ್ನೂ ಕರೆದಿದ್ದರು. ದಲೈ ಲಾಮಾ ಕೂಡ ಹೋಗಿದ್ದರು. ಎಲ್ಲರಿಗೂ ಸೇರಿಸಿ ಒಂದೇ ಪ್ರಾರ್ಥನೆ ಕಟ್ಟಲಿಲ್ಲ. ಅವರವರು ಅವರವರ ರೀತಿಯಲ್ಲಿ ಪ್ರಾರ್ಥಿಸಿದರು. ಆ ಒಂದು ದಿನವಾದರೂ ಯುದ್ಧ ನಿಲ್ಲಿಸಿ ಅಂತ ಪೋಪ್ ಕೇಳಿಕೊಂಡಿದ್ದರು.

ಮಲೆನಾಡ ಟೀಚರ್:
ಇಬ್ಬರಿಗೂ ಥ್ಯಾಂಕ್ಸ್. ನಮ್ಮ ಗಂಟೆ ರೈಲು ಹಳಿಯ ತುಂಡು, ಅದನ್ನೇ ಬಾರಿಸಿ ಒಂದು ನಿಮಿಷ ಮೌನ. ಆ ಮೌನದಲ್ಲಿ ಅವರವರ ಪ್ರಾರ್ಥನೆ ಅವರವರಿಗೆ. ಆಮೇಲೆ ಯಾರ ಜೊತೆ ಟೂ ಬಿಟ್ಟಿದ್ದಾರೋ ಅವರ ಜೊತೆ ಊಟಕ್ಕೆ ಕೂರಬೇಕು. ಏಳನೇ ಕ್ಲಾಸಿನಲ್ಲಿ ಇದು ಜಾಸ್ತಿ ಕಷ್ಟ!

ನಿವೃತ್ತ ಮೇಷ್ಟ್ರು:
ಸ್ಟಾಫ್ ರೂಮಿಗೂ ಈ ನಿಯಮ ಇದೆಯಾ ಮೇಡಂ?